ಕ್ವಾಂಟಂ ಕಂಪ್ಯೂಟರ್ ಬರುವ ಮುನ್ನವೇ ಬೀಗ ಬದಲಿಸಬೇಕೇಕೆ?

ವಿಜಯಪುರ: ನಗರದ ಜೋರಾಪುರ ಪೇಟೆಯಲ್ಲಿ ವಾಸಿಸುವವರು ತಿಕೋಟಾ, ಬಬಲೇಶ್ವರ ಭಾಗದಲ್ಲಿರುವ ತಮ್ಮ ಹೊಲದ ಪಹಣಿಯನ್ನು ಇಂದು ಮನೆಯಲ್ಲೇ ಕುಳಿತು ಪಡೆಯಬಹುದು. ಅದರ ಮೇಲಿರುವುದು ಶಾಯಿಯ ಸಹಿಯಲ್ಲ, ಡಿಜಿಟಲ್ ಸಹಿ. ಇಂತಹ ಸಹಿಗಳಿಗೂ ಬ್ಯಾಂಕ್ ಜಾಲತಾಣಗಳ ಗೋಪ್ಯತೆಗೂ ಆಧಾರವಾಗಿರುವ ಗಣಿತವನ್ನು ಸಮರ್ಥ ಕ್ವಾಂಟಂ ಕಂಪ್ಯೂಟರ್ ಭೇದಿಸಬಲ್ಲದು.

ಬೀಗದ ಗುಟ್ಟು

1977ರಲ್ಲಿ ರೂಪುಗೊಂಡ ಆರ್‌ಎಸ್‌ಎ ಪದ್ಧತಿಯ ತಳಹದಿ ಸರಳವಾದುದು. ಎರಡು ಬೃಹತ್ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ. ಗುಣಲಬ್ಧದಿಂದ ಅವೆರಡನ್ನೂ ಹುಡುಕಿ ತೆಗೆಯುವುದು ಇಂದಿನ ಕಂಪ್ಯೂಟರ್‌ಗಳಿಗೆ ಅಸಾಧ್ಯವೆನ್ನುವಷ್ಟು ಕಠಿಣ. ಕ್ವಾಂಟಂ ಯಂತ್ರಕ್ಕೆ ಇದು ಕಠಿಣವಲ್ಲವೆಂದು ಅಮೆರಿಕದ ಗಣಿತಜ್ಞ ಪೀಟರ್ ಶೋರ್ 1994ರಲ್ಲಿ ತೋರಿಸಿದರು.

2048 ಬಿಟ್‌ಗಳ ಆರ್‌ಎಸ್‌ಎ ಭೇದಿಸಲು 2 ಕೋಟಿ ಕ್ಯೂಬಿಟ್‌ಗಳು ಬೇಕೆಂದು 2019ರಲ್ಲಿ ಗೂಗಲ್ ಸಂಶೋಧಕರೊಬ್ಬರು ಸಹವರ್ತಿಯೊಡನೆ ಅಂದಾಜಿಸಿದ್ದರು. ಅದೇ ಸಂಶೋಧಕರ 2025ರ ಅಂದಾಜು 10 ಲಕ್ಷಕ್ಕೂ ಕಡಿಮೆ. ಬೆಂಗಳೂರಿನ ಕ್ಯೂಪಿಎಐ ಸಂಸ್ಥೆ 2025ರಲ್ಲಿ ಪ್ರಕಟಿಸಿದ ಕಂಪ್ಯೂಟರ್‌ನಲ್ಲಿದ್ದುದು 25 ಕ್ಯೂಬಿಟ್. ಅಂತರ ದೊಡ್ಡದು, ಆದರೆ ಗುರಿಯೇ ಹತ್ತಿರ ಸರಿಯುತ್ತಿದೆ.

ಎರಡು ಬಗೆಯ ಅಪಾಯ

ಮೊದಲನೆಯದು ಗೋಪ್ಯತೆಗೆ ಸಂಬಂಧಿಸಿದ್ದು. ಗೂಢಲಿಪಿಯಲ್ಲಿರುವ ದತ್ತಾಂಶವನ್ನು ಇಂದೇ ಕದ್ದು ಕೂಡಿಟ್ಟು, ಯಂತ್ರ ಬಂದಾಗ ಬಿಡಿಸಿ ಓದಬಹುದು. ಪಾಸ್‌ವರ್ಡ್ ಬದಲಿಸಬಹುದು, ಬೆರಳಚ್ಚು ಬದಲಿಸಲಾಗದು. ರೋಗಿಯ ಆರೋಗ್ಯ ವಿವರವೂ ಹತ್ತು ವರ್ಷಕ್ಕೆ ಹಳತಾಗುವುದಿಲ್ಲ.

ಎರಡನೆಯದು ಸಹಿಗೆ ಸಂಬಂಧಿಸಿದ್ದು. ಪಹಣಿ ಗುಟ್ಟಿನ ದಾಖಲೆಯಲ್ಲ, ಯಾರು ಬೇಕಾದರೂ ನೋಡಬಹುದು. ಆದರೆ ಅದರ ಡಿಜಿಟಲ್ ಸಹಿಯನ್ನು ನಕಲು ಮಾಡಲು ಸಾಧ್ಯವಾದರೆ ಅಸಲಿ ಯಾವುದು, ನಕಲಿ ಯಾವುದು ಎಂಬುದೇ ತಿಳಿಯದು. 'ಭೂಮಿ' ಯೋಜನೆಯಡಿ ಗಣಕೀಕೃತವಾದ ಸುಮಾರು 2 ಕೋಟಿ ಭೂದಾಖಲೆಗಳಿರುವ ರಾಜ್ಯಕ್ಕೆ ಇದು ಸಣ್ಣ ಪ್ರಶ್ನೆಯಲ್ಲ.

ಸಿದ್ಧತೆ ಎಲ್ಲಿಗೆ ಬಂದಿದೆ?

ಅಮೆರಿಕದ ಮಾನಕ ಸಂಸ್ಥೆ 'ನಿಸ್ಟ್' 2024ರ ಆಗಸ್ಟ್‌ನಲ್ಲಿ ಕ್ವಾಂಟಂ ದಾಳಿಯನ್ನು ತಾಳಿಕೊಳ್ಳಬಲ್ಲ ಮೂರು ಹೊಸ ಮಾನಕಗಳನ್ನು ಪ್ರಕಟಿಸಿತು. ಒಂದು ಕೀಲಿ ವಿನಿಮಯಕ್ಕೆ, ಎರಡು ಡಿಜಿಟಲ್ ಸಹಿಗೆ. ಇವು ಇಂದಿನ ಸಾಮಾನ್ಯ ಕಂಪ್ಯೂಟರ್‌ಗಳಲ್ಲೇ ಕೆಲಸ ಮಾಡುತ್ತವೆ. ಹಳೆಯ ಪದ್ಧತಿಗಳನ್ನು 2035ರ ನಂತರ ಕೈಬಿಡಬೇಕೆಂದು ಅದೇ ವರ್ಷದ ಕರಡು ಹೇಳಿತು.

ಕೇಂದ್ರ ಸರ್ಕಾರವು 2023ರ ಏಪ್ರಿಲ್‌ನಲ್ಲಿ 6,003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ನೀಡಿತು. ಅದರ ಕ್ವಾಂಟಂ ಕಂಪ್ಯೂಟಿಂಗ್ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಬೆಂಗಳೂರಿನದೇ ಆದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಬೆಳಕಿನ ಕಣಗಳ ಮೂಲಕ ರಹಸ್ಯ ಕೀಲಿ ಕಳುಹಿಸುವ ಪ್ರಯೋಗಗಳು ನಡೆದಿವೆ.

ಮಾಡಬೇಕಾದುದೇನು?

ಕೆನಡಾದ ತಜ್ಞ ಮಿಶೆಲ್ ಮೋಸ್ಕಾ ಅವರ ಲೆಕ್ಕ ಇಲ್ಲಿ ಉಪಯುಕ್ತ. ದತ್ತಾಂಶ ಎಷ್ಟು ವರ್ಷ ಗುಟ್ಟಾಗಿರಬೇಕು, ಬೀಗ ಬದಲಿಸಲು ಎಷ್ಟು ವರ್ಷ ಬೇಕು ಎಂಬುದನ್ನು ಕೂಡಿಸಬೇಕು. ಆ ಮೊತ್ತ ಕ್ವಾಂಟಂ ಯಂತ್ರ ಬರಲು ಉಳಿದಿರುವ ವರ್ಷಗಳಿಗಿಂತ ಹೆಚ್ಚಾದರೆ ಈಗಾಗಲೇ ತಡವಾಗಿದೆ ಎಂದರ್ಥ.

ಆದ್ದರಿಂದ ಕಚೇರಿ, ಬ್ಯಾಂಕ್, ಆಸ್ಪತ್ರೆಗಳು ತಮ್ಮಲ್ಲಿ ಯಾವ ಬೀಗ ಎಲ್ಲಿದೆ ಎಂದು ಪಟ್ಟಿ ಮಾಡುವುದೇ ಮೊದಲ ಹೆಜ್ಜೆ. ದೀರ್ಘಕಾಲ ಉಳಿಯಬೇಕಾದ ದಾಖಲೆಗಳಿಗೆ ಆದ್ಯತೆ ಸಲ್ಲಬೇಕು. ಸಾಮಾನ್ಯ ಬಳಕೆದಾರರು ಹೊಸದೇನನ್ನೂ ಕೊಳ್ಳಬೇಕಾಗಿಲ್ಲ. ಮೊಬೈಲ್ ಮತ್ತು ಬ್ರೌಸರ್‌ಗಳನ್ನು ಕಾಲಕಾಲಕ್ಕೆ ಅಪ್‌ಡೇಟ್ ಮಾಡಿಕೊಂಡರೆ ಹೊಸ ಬೀಗ ಅವುಗಳ ಜೊತೆಗೇ ಬರುತ್ತದೆ.