ಮಡಿಕೆಯೂ ಚರಿತ್ರೆಯೇ: ಹಳೆಯ ನೋಟಿಗೆ ಇಸ್ತ್ರಿ ಬೇಡ

ಹೊಸೂರು, ಕೃಷ್ಣಗಿರಿ ಇಂದು ತಮಿಳುನಾಡಿನಲ್ಲಿವೆ, ಮಂಗಳೂರು ಕರ್ನಾಟಕದಲ್ಲಿದೆ. ಬ್ರಿಟಿಷರ ಕಾಲದಲ್ಲಿ ಸೇಲಂ ಜಿಲ್ಲೆಯ ಆ ಊರುಗಳಿಗೂ ದಕ್ಷಿಣ ಕನ್ನಡದ ನಮ್ಮ ಕರಾವಳಿಗೂ ಮದರಾಸೇ ಸರಕಾರ. ಎರಡೂ ಕಡೆ ಓಡಾಡಿದ್ದು ಅದೇ ಕಾಗದದ ಹಣ. ಆ ನೋಟುಗಳ ಮಡಿಕೆ, ತೂತು, ಅಂಟಿನ ಗೆರೆಗಳಲ್ಲೂ ಚರಿತ್ರೆ ಉಳಿದಿದೆ.

1861ರ ಕಾಯಿದೆಯ ನಂತರ ಬಂದ ಸರಕಾರಿ ನೋಟುಗಳಿಗೆ ಒಂದೇ ಮಗ್ಗುಲಲ್ಲಿ ಮುದ್ರಣ. ದೂರದೂರಿಗೆ ಹಣ ಕಳಿಸುವ ವ್ಯಾಪಾರಿಗಳು ನೋಟನ್ನು ಎರಡು ತುಂಡು ಮಾಡಿ ಮೊದಲು ಒಂದನ್ನು ಅಂಚೆಗೆ ಹಾಕುತ್ತಿದ್ದರು. ಅದು ಮುಟ್ಟಿದ ಸುದ್ದಿ ಬಂದ ಮೇಲೆ ಇನ್ನೊಂದು. ಅಂಟಿಸಿದ ಗೆರೆ ಆ ಪಯಣದ ಸಾಕ್ಷಿ.

ಮೊದಲ ಮಹಾಯುದ್ಧದಲ್ಲಿ ಬೆಳ್ಳಿಗೆ ಬರ ಬಂದಾಗ, 1917ರ ನವೆಂಬರ್ 30ರಂದು 1 ರೂಪಾಯಿಯ ನೋಟು ಹೊರಬಂತು. ಅದರ ಮೇಲೆ ಬೆಲೆ ಎಂಟು ಭಾಷೆಗಳಲ್ಲಿತ್ತು, ಕನ್ನಡವೂ ಒಂದು. ಮಂಗಳೂರಿನವರೂ ಹೊಸೂರಿನ ಕನ್ನಡಿಗರೂ ಓದಬಲ್ಲ ಸಾಲು ಅದು. 25 ನೋಟುಗಳ ಪುಸ್ತಕದಿಂದ ಹರಿದು ಕೊಟ್ಟವುಗಳ ಎಡ ಅಂಚಿನಲ್ಲಿ ತೂತುಗಳ ಗುರುತು ಉಳಿದಿದೆ.

ನಮ್ಮ ಮನೆಗಳಿಗೆ ಇನ್ನೂ ಹತ್ತಿರದ್ದು 1959ರ ಹಜ್ ನೋಟು. ಯಾತ್ರಿಕರು ಸೌದಿಯಲ್ಲಿ ಬದಲಾಯಿಸಿಕೊಳ್ಳಲೆಂದು ರಿಸರ್ವ್ ಬ್ಯಾಂಕ್ 10 ಮತ್ತು 100 ರೂಪಾಯಿಗಳಲ್ಲಿ ಹೊರಡಿಸಿತು. ಸಂಖ್ಯೆಯ ಮುಂದೆ ‘ಎಚ್‌ಎ’ ಅಕ್ಷರಗಳಿವೆ. ಇಂದು ಅದು ಅಪರೂಪ.

ಇಂಥ ನೋಟು ಸಿಕ್ಕಾಗ ಮಾರುವ ಮೊದಲು ಹಲವರು ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಹಾಕುತ್ತಾರೆ. ಮಡಿಕೆ ಮಾಯವಾದಂತೆ ಕಾಣುತ್ತದೆ, ಆದರೆ ಮುರಿದ ನಾರು ಕೂಡುವುದಿಲ್ಲ. ಓರೆ ಬೆಳಕಿಗೆ ಹಿಡಿದರೆ ಹಳೆಯ ಗೆರೆ ಮತ್ತೆ ತೋರುತ್ತದೆ. ಉಬ್ಬು ಮುದ್ರಣ ಚಪ್ಪಟೆಯಾಗುತ್ತದೆ, ಕಾಗದದ ಸಹಜ ಗರಿಗರಿ ಹೋಗುತ್ತದೆ. ನೀರು ತಗುಲಿದರೆ ಶಾಯಿಯೂ ಹರಡಬಹುದು.

ಅಮೆರಿಕದ ಪಿಎಂಜಿ ಸಂಸ್ಥೆ ನೋಟುಗಳಿಗೆ 70ರವರೆಗೆ ಅಂಕ ಕೊಡುತ್ತದೆ. ಒತ್ತಿದ್ದು, ತೊಳೆದದ್ದು ಗೊತ್ತಾದರೆ ‘ಇಪಿಕ್ಯೂ’ ಎಂಬ ಸಹಜ ಕಾಗದದ ಗುರುತು ಸಿಗುವುದಿಲ್ಲ. ಆ ಗುರುತಿಲ್ಲದೆ 65 ಮತ್ತು ಮೇಲಿನ ಅಂಕವೂ ಇಲ್ಲ. ಅನುಭವಿ ಸಂಗ್ರಾಹಕರು ಇಸ್ತ್ರಿ ಹಾಕಿದ ನೋಟಿಗಿಂತ ಪ್ರಾಮಾಣಿಕ ಮಡಿಕೆಯ ನೋಟಿಗೇ ಹೆಚ್ಚು ಕೊಡುತ್ತಾರೆ.

ಆದ್ದರಿಂದ ಹಿರಿಯರ ಪೆಟ್ಟಿಗೆಯಲ್ಲಿ ನೋಟು ಸಿಕ್ಕರೆ ಒಣ ಕೈಯಿಂದ ಮೆಲ್ಲಗೆ ಬಿಡಿಸಿ, ಪಿವಿಸಿ ಇಲ್ಲದ ಪಾರದರ್ಶಕ ಲಕೋಟೆಯಲ್ಲಿಡಿ. ತೇವ, ಬಿಸಿಲಿನಿಂದ ದೂರವಿಡಿ. ಅದು ಯಾರದು, ಎಲ್ಲಿಂದ ಬಂತು ಎಂದು ಬೇರೊಂದು ಚೀಟಿಯಲ್ಲಿ ಬರೆದಿಡಿ. ಮಾರಿದರೂ ಮಾರದಿದ್ದರೂ ಆ ಮಾಹಿತಿ ಮನೆಯ ಸೊತ್ತು.