ಕುವೈತ್ ಆಕ್ರಮಣ: ಅಕ್ರಮಿಯ ಕೈ ತಡೆಯಬೇಕಾದವರು ಯಾರು?

1990ರ ಆಗಸ್ಟ್ 2ರ ನಸುಕಿನಲ್ಲಿ ಇರಾಕಿನ ಸೇನೆಯು ಗಡಿ ದಾಟಿ ಕುವೈತನ್ನು ಪ್ರವೇಶಿಸಿತು. ಅದೇ ದಿನ ರಾಜಧಾನಿಯು ಅದರ ವಶವಾಯಿತು. ಅಮೀರ್ ಶೇಖ್ ಜಾಬಿರ್ ಅಲ್ ಅಹ್ಮದ್ ಸೌದಿ ಅರೇಬಿಯಾಕ್ಕೆ ತೆರಳಿದರು. ಅವರ ಸಹೋದರ ಶೇಖ್ ಫಹದ್ ದಸ್ಮಾನ್ ಅರಮನೆಯ ಬಳಿ ಹತರಾದರು. ಅದು ಹಿಜರಿ 1411ರ ಮುಹರ್ರಮ್ ತಿಂಗಳು. ಅಜ್ಞಾನಕಾಲದ ಅರಬರು ಕೂಡ ಆಯುಧವನ್ನು ಕೆಳಗಿಡುತ್ತಿದ್ದ ನಾಲ್ಕು ಆದರಣೀಯ ತಿಂಗಳುಗಳಲ್ಲಿ ಅದೂ ಒಂದು. ದಾಳಿ ಮಾಡಿದವರೂ ದಾಳಿಗೊಳಗಾದವರೂ ಒಂದೇ ಕಿಬ್ಲಾದೆಡೆಗೆ ಮುಖ ಮಾಡಿ ನಮಾಝ್ ನಿರ್ವಹಿಸುವವರು, ಒಂದೇ ಭಾಷೆಯನ್ನಾಡುವವರು, ಅರಬ್ ಲೀಗಿನ ಸದಸ್ಯರು.

ಆ ವಾರ ಕೈರೋದಲ್ಲಿ ಮುಸ್ಲಿಮ್ ರಾಷ್ಟ್ರಗಳ ವಿದೇಶಾಂಗ ಸಚಿವರು ಇಸ್ಲಾಮೀ ಸಮ್ಮೇಳನ ಸಂಘಟನೆಯ ಸಭೆಯಲ್ಲಿ ಕುಳಿತಿದ್ದರು. ಇಸ್ಲಾಮಿನಲ್ಲಿ ಮಾನವ ಹಕ್ಕುಗಳ ಕುರಿತಾದ ಕೈರೋ ಘೋಷಣೆಯನ್ನು ಅವರು ಅಂಗೀಕರಿಸಿದ್ದು ಆಗಸ್ಟ್ 5ರಂದು. ಅಂದಿಗೆ ಕುವೈತ್ ಪತನಗೊಂಡು ಮೂರು ದಿನಗಳಾಗಿದ್ದವು. ಘೋಷಣೆಗೂ ವಾಸ್ತವಕ್ಕೂ ಇದ್ದ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಬೇರೊಂದು ಘಟನೆ ಬೇಕಿಲ್ಲ.

ಆಕ್ರಮಣವು ಅಕ್ರಮವಾಗಿತ್ತೆಂಬ ಬಗ್ಗೆ ಹೆಚ್ಚಿನವರಿಗೆ ಸಂದೇಹವಿರಲಿಲ್ಲ. ಆದರೆ ಅದನ್ನು ತಡೆಯುವವರು ಯಾರು, ಯಾವ ವಿಧಾನದಿಂದ ಮತ್ತು ಎಲ್ಲಿಯವರೆಗೆ ಎಂಬ ಪ್ರಶ್ನೆಗಳು ಇಡೀ ಮುಸ್ಲಿಮ್ ಜಗತ್ತನ್ನು ಇಬ್ಭಾಗಿಸಿದವು. ಅಂದಿನ ವಾದ-ವಿವಾದಗಳು ಇಂದಿಗೂ ಮುಗಿದಿಲ್ಲ. ಒಂದು ದೇಶವು ತನ್ನ ನೆರೆಯ ದೇಶದ ಮೇಲೆ ಎರಗಿದಾಗಲೆಲ್ಲ ಅದೇ ಪ್ರಶ್ನೆಗಳು ಮತ್ತೆ ನಮ್ಮೆದುರು ಬಂದು ನಿಲ್ಲುತ್ತವೆ.

ಇರಾಕ್ ತನ್ನ ಕೃತ್ಯಕ್ಕೆ ಕಾರಣಗಳನ್ನು ಪಟ್ಟಿ ಮಾಡಿತ್ತು. ಇರಾನಿನೊಂದಿಗೆ ಎಂಟು ವರ್ಷ ಹೋರಾಡಿ ಅದು ಸಾಲದಲ್ಲಿ ಮುಳುಗಿತ್ತು. ಆ ಸಾಲದಲ್ಲಿ ಸುಮಾರು 1,400 ಕೋಟಿ ಡಾಲರ್ ಕುವೈತಿನದ್ದಾಗಿತ್ತು. ಕುವೈತ್ ನಿಗದಿಗಿಂತ ಹೆಚ್ಚು ತೈಲವನ್ನು ತೆಗೆದು ಬೆಲೆ ಕುಸಿಯುವಂತೆ ಮಾಡಿದೆ, ಗಡಿಯಲ್ಲಿರುವ ರುಮೈಲಾ ತೈಲಕ್ಷೇತ್ರದಿಂದ ಕದಿಯುತ್ತಿದೆ ಎಂದು ಸದ್ದಾಮ್ ಹುಸೇನ್ ಆರೋಪಿಸಿದರು. ಕುವೈತ್ ಒಂದು ಕಾಲದಲ್ಲಿ ಉಸ್ಮಾನಿಯಾ ಆಡಳಿತದ ಬಸ್ರಾ ಪ್ರಾಂತ್ಯದ ಭಾಗವಾಗಿತ್ತೆಂಬ ಹಳೆಯ ವಾದವನ್ನೂ ಮುಂದಿಟ್ಟರು. ಆದರೆ 1963ರಲ್ಲಿ ಸ್ವತಃ ಇರಾಕ್ ಕುವೈತಿನ ಸ್ವಾತಂತ್ರ್ಯವನ್ನು ಮಾನ್ಯ ಮಾಡಿತ್ತು. ದಾಳಿಗೆ ಕೇವಲ ಒಂದು ದಿನ ಮುಂಚೆ ಜಿದ್ದಾದಲ್ಲಿ ಎರಡೂ ದೇಶಗಳ ಪ್ರತಿನಿಧಿಗಳು ಮಾತುಕತೆ ನಡೆಸಿದ್ದರು, ಅದು ಮುರಿದುಬಿತ್ತು. ಸಾಲಗಾರನಿಗೆ ಸಾಲ ಕೊಟ್ಟವನ ಮೇಲೆ ದೂರುಗಳಿರಬಹುದು. ಆದರೆ ಆ ದೂರು ಅವನ ಮನೆಗೆ ನುಗ್ಗಲು ಪರವಾನಗಿಯಾಗುವುದಿಲ್ಲ.

ಸತ್ಯವಿಶ್ವಾಸಿಗಳ ಎರಡು ಗುಂಪುಗಳು ಪರಸ್ಪರ ಕಾದಾಡಿದಾಗ ಏನು ಮಾಡಬೇಕೆಂಬುದನ್ನು ಪವಿತ್ರ ಕುರ್‌ಆನಿನ ಸೂರಾ ಅಲ್ ಹುಜುರಾತ್‌ನ 9ನೇ ಸೂಕ್ತವು ನೇರವಾಗಿ ತಿಳಿಸುತ್ತದೆ. ಆ ಮಾರ್ಗದರ್ಶನದಲ್ಲಿ ಮೂರು ಹಂತಗಳಿವೆ. ಮೊದಲನೆಯದು, ಅವರ ನಡುವೆ ಸಂಧಾನ ಮಾಡಿಸುವುದು. ಎರಡನೆಯದು, ಒಂದು ಗುಂಪು ಅತಿಕ್ರಮಿಸಿದರೆ ಅದು ಅಲ್ಲಾಹನ ಆಜ್ಞೆಯೆಡೆಗೆ ಮರಳುವ ತನಕ ಅದರ ವಿರುದ್ಧ ಹೋರಾಡುವುದು. ಮೂರನೆಯದು, ಅದು ಮರಳಿದ ಬಳಿಕ ನ್ಯಾಯಬದ್ಧವಾಗಿ ಸಂಧಾನ ಮಾಡಿಸುವುದು. ಗಮನಿಸಬೇಕಾದ ಅಂಶವೆಂದರೆ, ನ್ಯಾಯದ ಕುರಿತಾದ ತಾಕೀತು ಬರುವುದು ಈ ಮೂರನೆಯ ಹಂತದಲ್ಲಿ. ಗೆದ್ದವನ ಕೈಯಲ್ಲಿ ಶಕ್ತಿಯೂ ಎದೆಯಲ್ಲಿ ಕೋಪವೂ ತುಂಬಿರುವ ಗಳಿಗೆ ಅದು. ನ್ಯಾಯವು ಕೈತಪ್ಪಿ ಹೋಗುವುದು ಹೆಚ್ಚಾಗಿ ಆಗಲೇ.

ಈ ಸೂಕ್ತವನ್ನು 1990ರಲ್ಲಿ ಎರಡೂ ಕಡೆಯವರು ಉದ್ಧರಿಸಿದರು. ಆದರೆ ಮೂರೂ ಹಂತಗಳನ್ನು ಒಟ್ಟಾಗಿ ಪಾಲಿಸಿದವರು ಯಾರು?

ಭದ್ರತಾ ಮಂಡಳಿಯು ದಾಳಿಯ ದಿನವೇ 660ನೇ ನಿರ್ಣಯದ ಮೂಲಕ ಇರಾಕ್ ಬೇಷರತ್ತಾಗಿ ಹಿಂದೆ ಸರಿಯಬೇಕೆಂದು ಆಗ್ರಹಿಸಿತು. ಆಗಸ್ಟ್ 6ರಂದು ಆರ್ಥಿಕ ದಿಗ್ಬಂಧನವನ್ನು ವಿಧಿಸಿತು. ಎರಡು ದಿನಗಳ ಬಳಿಕ ಇರಾಕ್ ಕುವೈತನ್ನು ತನ್ನೊಳಗೆ ವಿಲೀನಗೊಳಿಸಿರುವುದಾಗಿ ಘೋಷಿಸಿತು. ಅದೇ ಹೊತ್ತಿಗೆ ದೊರೆ ಫಹದ್‌ರ ಸಮ್ಮತಿಯೊಂದಿಗೆ ಅಮೆರಿಕದ ಸೈನಿಕರು ಸೌದಿ ನೆಲದಲ್ಲಿ ಇಳಿಯತೊಡಗಿದರು. ಆಗಸ್ಟ್ 10ರಂದು ಅರಬ್ ನಾಯಕರ ತುರ್ತು ಶೃಂಗಸಭೆ ಕೈರೋದಲ್ಲಿ ನಡೆಯಿತು. ಸೌದಿ ಅರೇಬಿಯಾದ ರಕ್ಷಣೆಗೆ ಅರಬ್ ಸೇನೆಯನ್ನು ಕಳುಹಿಸುವ ನಿರ್ಣಯಕ್ಕೆ 12 ಸದಸ್ಯರು ಮಾತ್ರ ಬೆಂಬಲ ನೀಡಿದರು. ಉಳಿದವರಲ್ಲಿ ಕೆಲವರು ವಿರೋಧಿಸಿದರು, ಕೆಲವರು ತಟಸ್ಥರಾದರು. ಟ್ಯುನೀಶಿಯಾ ಸಭೆಗೇ ಬರಲಿಲ್ಲ. ಅಂದರೆ ಅರಬ್ ನಾಯಕರು ಒಂದೆಡೆ ಕುಳಿತು ಚರ್ಚಿಸುವ ಹೊತ್ತಿಗೆ ನಿರ್ಧಾರವು ಅವರ ಕೈಯಿಂದ ಜಾರಿಹೋಗಿತ್ತು.

ಇದು ಅನಿವಾರ್ಯವಾಗಿತ್ತೇ? ಇತಿಹಾಸದಲ್ಲಿ ಇದಕ್ಕೊಂದು ಉತ್ತರವಿದೆ. 1961ರಲ್ಲಿ ಕುವೈತ್ ಸ್ವತಂತ್ರವಾದ ಕೂಡಲೇ ಅಂದಿನ ಇರಾಕ್ ನಾಯಕ ಅಬ್ದುಲ್ ಕರೀಮ್ ಕಾಸಿಮ್ ಆ ನೆಲದ ಮೇಲೆ ಹಕ್ಕು ಸ್ಥಾಪಿಸಲು ಮುಂದಾಗಿದ್ದರು. ಆಗ ಮೊದಲು ಬಂದದ್ದು ಬ್ರಿಟಿಷ್ ಸೇನೆ. ಆದರೆ ಅರಬ್ ಲೀಗ್ ಕುವೈತನ್ನು ಸದಸ್ಯನನ್ನಾಗಿ ಸೇರಿಸಿಕೊಂಡು, ಸದಸ್ಯ ರಾಷ್ಟ್ರಗಳ ಸೈನಿಕರ ಒಂದು ಪಡೆಯನ್ನು ರಚಿಸಿ ಅಲ್ಲಿಗೆ ಕಳುಹಿಸಿತು. ಅದೇ ವರ್ಷ ಬ್ರಿಟಿಷರು ಮರಳಿದರು. ಯುದ್ಧ ನಡೆಯಲಿಲ್ಲ. ನೆರೆಹೊರೆಯವರು ಒಗ್ಗಟ್ಟಾಗಿ ನಿಂತರೆ ಅಕ್ರಮಿಯ ಕೈಯನ್ನು ತಡೆಯಬಹುದೆಂಬುದಕ್ಕೆ ಇದು ಸಾಕ್ಷಿ. ಮೂವತ್ತು ವರ್ಷಗಳ ಬಳಿಕ ಶಸ್ತ್ರಾಸ್ತ್ರಗಳು ಹೆಚ್ಚಿದ್ದವು, ಸಂಪತ್ತು ಹೆಚ್ಚಿತ್ತು. ಕಡಿಮೆಯಾಗಿದ್ದುದು ಪರಸ್ಪರ ವಿಶ್ವಾಸ.

ವಿದೇಶಿ ಸೇನೆಯ ಆಗಮನವು ವಿದ್ವಾಂಸರ ನಡುವೆ ಗಂಭೀರ ಚರ್ಚೆಗೆ ಕಾರಣವಾಯಿತು. ಸೌದಿಯ ಹಿರಿಯ ವಿದ್ವಾಂಸರ ಮಂಡಳಿಯು ಆಗಸ್ಟ್ 13ರಂದು ಅದನ್ನು ಸಮರ್ಥಿಸಿತು. ಶೇಖ್ ಅಬ್ದುಲ್ ಅಝೀಝ್ ಬಿನ್ ಬಾಝ್ ಅದಕ್ಕೆ ಬೆಂಬಲವಾಗಿ ನಿಂತರು. ಅಲ್ ಅಝ್‌ಹರಿನ ಮುಖ್ಯಸ್ಥರಾದ ಶೇಖ್ ಜಾದುಲ್ ಹಕ್ ಕೂಡ ಇದೇ ನಿಲುವನ್ನು ತಾಳಿದರು. ಪ್ರಾಣಕ್ಕೆ ಅಪಾಯ ಬಂದಾಗ ನಿಷಿದ್ಧವೂ ಅನುಮತಿ ಪಡೆಯುತ್ತದೆಂಬ ಅನಿವಾರ್ಯತೆಯ ತತ್ವವು ಈ ನಿಲುವಿನ ಬೆನ್ನೆಲುಬಾಗಿತ್ತು. ಮುಸ್ಲಿಮೇತರರ ನೆರವಿನ ಬಗ್ಗೆ ಕರ್ಮಶಾಸ್ತ್ರದಲ್ಲಿ ಎರಡೂ ಬಗೆಯ ಪುರಾವೆಗಳಿವೆ. ಪ್ರವಾದಿ ಮುಹಮ್ಮದ್(ಸ) ಹುನೈನ್ ಯುದ್ಧಕ್ಕೆ ಆಗಿನ್ನೂ ಇಸ್ಲಾಮ್ ಸ್ವೀಕರಿಸದಿದ್ದ ಸಫ್ವಾನ್ ಬಿನ್ ಉಮಯ್ಯರಿಂದ ಕವಚಗಳನ್ನು ಎರವಲು ಪಡೆದರು. ಬದ್ರ್‌ಗೆ ಹೊರಟಾಗ ತಮ್ಮೊಂದಿಗೆ ಸೇರಲು ಬಂದ ಬಹುದೇವಾರಾಧಕನೊಬ್ಬನ ನೆರವನ್ನು ಅವರು ನಿರಾಕರಿಸಿದ್ದರು.

ವಿರೋಧಿಸಿದವರ ವಾದವೂ ಹಗುರವಾಗಿರಲಿಲ್ಲ. ಸಫರ್ ಅಲ್ ಹವಾಲಿ ಮತ್ತು ಸಲ್ಮಾನ್ ಅಲ್ ಔದಾರಂತಹ ಕಿರಿಯ ವಿದ್ವಾಂಸರು ಸೌದಿಯಲ್ಲೇ ಪ್ರಶ್ನೆಗಳನ್ನೆತ್ತಿದರು. ಕವಚವನ್ನು ಎರವಲು ಪಡೆಯುವುದಕ್ಕೂ, ಲಕ್ಷಾಂತರ ಸೈನಿಕರ ಸೇನೆಯೊಂದನ್ನು ಮನೆಯೊಳಗೆ ಕರೆದು ಯುದ್ಧದ ನೇತೃತ್ವವನ್ನೇ ಅದಕ್ಕೆ ಒಪ್ಪಿಸುವುದಕ್ಕೂ ವ್ಯತ್ಯಾಸವಿಲ್ಲವೇ? ಎರವಲು ಪಡೆದ ಕವಚವನ್ನು ಮರಳಿಸಬಹುದು. ಬಂದ ಸೇನೆಯು ಮರಳುತ್ತದೆಂದು ಹೊಣೆ ಹೊರುವವರು ಯಾರು? ಫೆಲೆಸ್ತೀನಿನ ಅತಿಕ್ರಮಣದ ಬಗ್ಗೆ ದಶಕಗಳಿಂದ ಕಾರ್ಯಗತವಾಗದ ನಿರ್ಣಯಗಳಿರುವಾಗ, ತೈಲವಿರುವ ನಾಡಿಗೆ ಮಾತ್ರ ಇಷ್ಟು ತುರ್ತು ಏಕೆಂಬ ಪ್ರಶ್ನೆಯು ಬೀದಿ ಬೀದಿಗಳಲ್ಲಿ ಕೇಳಿಬಂತು.

ಈ ಪ್ರಶ್ನೆಯು ನ್ಯಾಯವಾದದ್ದು. ಆದರೆ ಅದನ್ನು ಸದ್ದಾಮ್ ಹುಸೇನ್ ತನ್ನ ಗುರಾಣಿಯಾಗಿ ಮಾಡಿಕೊಂಡರು. ಕುವೈತಿನಿಂದ ಹಿಂದೆ ಸರಿಯುವ ವಿಷಯವನ್ನು ಫೆಲೆಸ್ತೀನಿನೊಂದಿಗೆ ಜೋಡಿಸಿದರು. ಜಾತ್ಯತೀತ ಬಾಥ್ ಪಕ್ಷದ ನಾಯಕ, ತನ್ನ ದೇಶದ ವಿದ್ವಾಂಸರನ್ನು ಗಲ್ಲಿಗೇರಿಸಿದ ವ್ಯಕ್ತಿ, 1991ರ ಜನವರಿಯಲ್ಲಿ ರಾಷ್ಟ್ರಧ್ವಜದ ಮೇಲೆ 'ಅಲ್ಲಾಹು ಅಕ್ಬರ್' ಎಂದು ಬರೆಯಿಸಿದರು. ಹಲವು ದೇಶಗಳಲ್ಲಿ ಜನರು ಅವರ ಭಾವಚಿತ್ರ ಹಿಡಿದು ಮೆರವಣಿಗೆ ನಡೆಸಿದರು. ಅಮೆರಿಕದ ಮೇಲಿನ ಕೋಪದಲ್ಲಿ ಕುವೈತಿನ ತಾಯಂದಿರ ಕಣ್ಣೀರು ಕಾಣದೇ ಹೋಯಿತು. ಸಹೋದರನು ಮರ್ದಿತನಾಗಿದ್ದರೂ ಅಕ್ರಮಿಯಾಗಿದ್ದರೂ ಅವನಿಗೆ ನೆರವಾಗಬೇಕೆಂದು ಪ್ರವಾದಿ(ಸ) ಕಲಿಸಿದರು. ಅಕ್ರಮಿಗೆ ನೆರವಾಗುವುದು ಹೇಗೆಂದು ಅನುಚರರು ಕೇಳಿದಾಗ, ಅವನನ್ನು ಅಕ್ರಮದಿಂದ ತಡೆಯುವುದೇ ಅವನಿಗೆ ಮಾಡುವ ನೆರವೆಂದು ವಿವರಿಸಿದರು. ಅವನ ಭಾವಚಿತ್ರವನ್ನು ಎತ್ತಿ ಹಿಡಿಯುವುದು ಆ ನೆರವಿನಲ್ಲಿ ಸೇರುವುದಿಲ್ಲ.

ಈ ಎರಡರ ನಡುವೆ ಇನ್ನೊಂದು ದನಿಯಿತ್ತು. ಇರಾಕ್ ಹಿಂದೆ ಸರಿಯಲೇಬೇಕು, ಆದರೆ ದಿಗ್ಬಂಧನಕ್ಕೂ ಸಂಧಾನಕ್ಕೂ ಕಾಲಾವಕಾಶ ಕೊಡಬೇಕೆಂಬುದು ಅದರ ನಿಲುವು. ಹಲವು ದೇಶಗಳ ಇಸ್ಲಾಮೀ ಚಳುವಳಿಗಳ ನಾಯಕರ ನಿಯೋಗವೊಂದು ರಿಯಾದ್ ಮತ್ತು ಬಗ್ದಾದ್‌ಗಳಿಗೆ ತೆರಳಿ ಪ್ರಯತ್ನಿಸಿತು. ಫಲ ಸಿಗಲಿಲ್ಲ. ನವೆಂಬರ್ 29ರಂದು ಭದ್ರತಾ ಮಂಡಳಿಯು 678ನೇ ನಿರ್ಣಯದಲ್ಲಿ ಜನವರಿ 15ರ ಗಡುವನ್ನು ನೀಡಿ, ಬಲಪ್ರಯೋಗಕ್ಕೆ ದಾರಿ ಮಾಡಿಕೊಟ್ಟಿತು. ಯೆಮೆನ್ ಮತ್ತು ಕ್ಯೂಬಾ ವಿರೋಧಿಸಿದವು, ಚೀನಾ ತಟಸ್ಥವಾಯಿತು.

1991ರ ಜನವರಿ 17ರಂದು ವಾಯುದಾಳಿ ಆರಂಭವಾಯಿತು. ಮೈತ್ರಿಕೂಟದಲ್ಲಿ ಈಜಿಪ್ಟ್, ಸಿರಿಯಾ, ಮೊರಾಕ್ಕೊ, ಪಾಕಿಸ್ತಾನ, ಬಾಂಗ್ಲಾದೇಶಗಳ ಸೈನಿಕರೂ ಇದ್ದರು. ಆದರೆ ಲಗಾಮು ಅಮೆರಿಕದ ಕೈಯಲ್ಲಿತ್ತು. ಫೆಬ್ರವರಿ 13ರಂದು ಬಗ್ದಾದಿನ ಆಮಿರಿಯ್ಯಾ ಆಶ್ರಯತಾಣದ ಮೇಲೆ ಬಿದ್ದ ಬಾಂಬುಗಳು 400ಕ್ಕೂ ಹೆಚ್ಚು ನಾಗರಿಕರನ್ನು ಬಲಿ ಪಡೆದವು. ಹಿಂದೆ ಸರಿಯುತ್ತಿದ್ದ ಇರಾಕ್ ಸೈನಿಕರು ಕುವೈತಿನ 600ಕ್ಕೂ ಹೆಚ್ಚು ತೈಲಬಾವಿಗಳಿಗೆ ಬೆಂಕಿ ಹಚ್ಚಿದರು. ಫೆಬ್ರವರಿ 28ರಂದು ಕದನವಿರಾಮವಾಯಿತು. ಕುವೈತ್ ಬಿಡುಗಡೆಗೊಂಡಿತು. ಆ ಬಿಡುಗಡೆಯನ್ನು ಅಲ್ಲಗಳೆಯುವುದು ಕುವೈತಿನ ಜನರಿಗೆ ಮಾಡುವ ಅನ್ಯಾಯ.

ಮೂರನೆಯ ಹಂತದಲ್ಲಿ, ಅಂದರೆ ನ್ಯಾಯಬದ್ಧ ಸಂಧಾನದಲ್ಲಿ, ಏನಾಯಿತು? ಇರಾಕಿನ ಮೇಲಿನ ದಿಗ್ಬಂಧನವು ಸೇನೆ ಹಿಂದೆ ಸರಿದ ಮೇಲೂ ಹನ್ನೆರಡು ವರ್ಷ ಮುಂದುವರಿಯಿತು. ಅರಮನೆಯಲ್ಲಿದ್ದವರು ಹಸಿಯಲಿಲ್ಲ, ಆಸ್ಪತ್ರೆಗಳಲ್ಲಿ ಔಷಧವಿಲ್ಲದೆ ನರಳಿದವರು ಮಕ್ಕಳು. ಅಲ್ಲಿನ ಮಾನವೀಯ ಕಾರ್ಯದ ಹೊಣೆ ಹೊತ್ತಿದ್ದ ವಿಶ್ವಸಂಸ್ಥೆಯ ಅಧಿಕಾರಿ ಡೆನಿಸ್ ಹ್ಯಾಲಿಡೇ 1998ರಲ್ಲಿ ಇದನ್ನು ಪ್ರತಿಭಟಿಸಿ ಹುದ್ದೆ ತೊರೆದರು. ಅವರ ಉತ್ತರಾಧಿಕಾರಿ ಹಾನ್ಸ್ ವಾನ್ ಸ್ಪೋನೆಕ್ ಕೂಡ 2000ದಲ್ಲಿ ಅದೇ ಹಾದಿ ಹಿಡಿದರು. ಯೆಮೆನ್ ಸರಕಾರದ ನಿಲುವಿಗಾಗಿ ಲಕ್ಷಾಂತರ ಯೆಮೆನೀ ಕಾರ್ಮಿಕರು ಸೌದಿಯನ್ನು ತೊರೆಯಬೇಕಾಯಿತು. ಕುವೈತಿನಲ್ಲಿ ತಲೆಮಾರುಗಳಿಂದ ನೆಲೆಸಿದ್ದ ಸುಮಾರು ನಾಲ್ಕು ಲಕ್ಷ ಫೆಲೆಸ್ತೀನಿಯರಲ್ಲಿ ಬಹುಪಾಲು ಜನರು, ತಮ್ಮ ನಾಯಕತ್ವವು ಸದ್ದಾಮ್‌ರ ಪರ ವಾಲಿದ ಕಾರಣಕ್ಕೆ ನೆಲೆ ಕಳೆದುಕೊಂಡರು. ಒಬ್ಬನ ಪಾಪದ ಹೊರೆಯನ್ನು ಇನ್ನೊಬ್ಬನು ಹೊರಲಾರನೆಂಬ ಕುರ್‌ಆನಿನ ತತ್ವವು ಅಂದು ಎಲ್ಲಿ ಹೋಗಿತ್ತು?

ಈ ಇತಿಹಾಸವು ನಮ್ಮ ಕರಾವಳಿಯ ಮನೆಗಳನ್ನೂ ತಟ್ಟಿದೆ. ಕುವೈತಿನಲ್ಲಿ ದುಡಿಯುತ್ತಿದ್ದ ಭಾರತೀಯರಲ್ಲಿ ಮಂಗಳೂರು, ಉಡುಪಿ, ಭಟ್ಕಳದ ಕಡೆಯವರೂ ಇದ್ದರು. ಕೈಯಲ್ಲಿದ್ದ ಕುವೈತಿ ದಿನಾರ್ ಬೆಲೆ ಕಳೆದುಕೊಂಡಿತು. ಜನರು ಬಸ್ಸುಗಳಲ್ಲಿ ಇರಾಕನ್ನು ದಾಟಿ ಜೋರ್ಡಾನ್ ತಲುಪಿ, ಮರುಭೂಮಿಯ ಡೇರೆಗಳಲ್ಲಿ ಸರದಿಗಾಗಿ ಕಾದರು. ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನಗಳು ಸುಮಾರು ಎರಡು ತಿಂಗಳ ಕಾಲ ಹಾರಾಡಿದವು. ಹೀಗೆ ಮರಳಿದ ಭಾರತೀಯರ ಸಂಖ್ಯೆ ಒಂದೂವರೆ ಲಕ್ಷವನ್ನೂ ಮೀರಿತು. ಮುಂದೆ ವಿಶ್ವಸಂಸ್ಥೆಯ ಪರಿಹಾರ ಆಯೋಗವು ಇರಾಕಿನ ತೈಲದ ಆದಾಯದಿಂದ ಒಟ್ಟು 5,240 ಕೋಟಿ ಡಾಲರ್ ಪರಿಹಾರ ವಿತರಿಸಿತು. ಕೊನೆಯ ಕಂತು ಪಾವತಿಯಾದದ್ದು 2022ರಲ್ಲಿ. ಅದರಲ್ಲಿ ಭಾರತೀಯ ಕಾರ್ಮಿಕರ ಪಾಲೂ ಇತ್ತು. ಇರಾಕಿನಲ್ಲಿ ಹುಟ್ಟಿದ ಮಗುವೊಂದು ತಾನು ಕಾಣದ ಯುದ್ಧದ ದಂಡವನ್ನು ತನ್ನ ಮೂವತ್ತನೆಯ ವಯಸ್ಸಿನವರೆಗೂ ತೆತ್ತಿತು.

ಹಾಗಾದರೆ ತಪ್ಪು ಎಲ್ಲಿ ಆರಂಭವಾಯಿತು? 1990ರ ಆಗಸ್ಟ್‌ನಲ್ಲಿ ಅಲ್ಲ. 1980ರ ಸೆಪ್ಟೆಂಬರ್‌ನಲ್ಲಿ ಇದೇ ಸದ್ದಾಮ್ ಹುಸೇನ್ ಇನ್ನೊಂದು ನೆರೆರಾಷ್ಟ್ರವಾದ ಇರಾನಿನ ಮೇಲೆ ದಂಡೆತ್ತಿ ಹೋದರು. ಆಗ ಭದ್ರತಾ ಮಂಡಳಿಯ ಮೊದಲ ನಿರ್ಣಯವು ಸೇನೆಯನ್ನು ಹಿಂದೆಗೆಯಿರಿ ಎಂದು ಕೂಡ ಹೇಳಲಿಲ್ಲ. ಕೊಲ್ಲಿಯ ಶ್ರೀಮಂತ ರಾಷ್ಟ್ರಗಳು ಆ ಯುದ್ಧಕ್ಕೆ ಹಣ ಸುರಿದವು. 1988ರ ಮಾರ್ಚ್‌ನಲ್ಲಿ ಹಲಬ್ಜಾ ಪಟ್ಟಣದ ಸಾವಿರಾರು ಕುರ್ದ್ ಮುಸ್ಲಿಮರು ವಿಷಾನಿಲಕ್ಕೆ ಬಲಿಯಾದಾಗಲೂ ಮುಸ್ಲಿಮ್ ರಾಜಧಾನಿಗಳಿಂದ ದೊಡ್ಡ ದನಿ ಕೇಳಿಬರಲಿಲ್ಲ. ಅಂದು ಪೋಷಣೆ ಪಡೆದ ಕೈ ಎರಡು ವರ್ಷಗಳಲ್ಲಿ ಪೋಷಿಸಿದವರ ಕತ್ತಿನತ್ತ ತಿರುಗಿತು.

ಪ್ರವಾದಿ(ಸ) ತಮ್ಮ ಯೌವನದಲ್ಲಿ, ಪ್ರವಾದಿತ್ವಕ್ಕೆ ಮುಂಚೆ, ಅಬ್ದುಲ್ಲಾ ಬಿನ್ ಜುದ್‌ಆನ್‌ರ ಮನೆಯಲ್ಲಿ ನಡೆದ 'ಹಿಲ್ಫುಲ್ ಫುಝೂಲ್' ಒಪ್ಪಂದದಲ್ಲಿ ಪಾಲ್ಗೊಂಡಿದ್ದರು. ಮಕ್ಕಾದಲ್ಲಿ ಅನ್ಯಾಯಕ್ಕೊಳಗಾದವನು ಯಾವ ಗೋತ್ರದವನೇ ಆಗಿರಲಿ, ಅವನ ಹಕ್ಕು ಮರಳುವ ತನಕ ಅವನ ಜೊತೆ ನಿಲ್ಲುವುದೆಂಬ ಪ್ರತಿಜ್ಞೆ ಅದು. ಅದರ ಕಾರಣವಾದವನು ಹೊರಗಿನಿಂದ ಬಂದ ಸಾಮಾನ್ಯ ವರ್ತಕ. ಅವನ ಹಣವನ್ನು ಕೊಡದೆ ಸತಾಯಿಸಿದವನು ಮಕ್ಕಾದ ಪ್ರಮುಖ. ತಮ್ಮವನೇ ಆದ ಅಕ್ರಮಿಯ ಬಾಗಿಲಿಗೆ ಹೋಗಿ ನಿಲ್ಲುವ ಆ ಧೈರ್ಯವನ್ನು ಪ್ರವಾದಿ(ಸ) ಮುಂದೆಯೂ ಮೆಚ್ಚಿ ನೆನೆದರು. 1980ರಲ್ಲಿ ನಮ್ಮ ರಾಷ್ಟ್ರನಾಯಕರಲ್ಲಿ ಇಲ್ಲದೇ ಹೋದದ್ದು ಅದೇ ಧೈರ್ಯ.

ಒಂದು ಸಮುದಾಯವು ತನ್ನೊಳಗಿನ ಅಕ್ರಮಿಯನ್ನು ಆರಂಭದಲ್ಲೇ ತಡೆಯದಿದ್ದರೆ, ಅವನನ್ನು ತಡೆಯುವ ಅಧಿಕಾರವು ಇತರರ ಕೈಸೇರುತ್ತದೆ. ಆ ಇತರರು ತಮ್ಮ ಹಿತದ ತಕ್ಕಡಿಯಲ್ಲಿ ತೂಗುತ್ತಾರೆ. 2003ರಲ್ಲಿ ಭದ್ರತಾ ಮಂಡಳಿಯ ಅನುಮತಿಯಿಲ್ಲದೆ ಇರಾಕಿನ ಮೇಲೆ ನಡೆದ ದಾಳಿಯು ಹೊರಟದ್ದು, ಹಿಂದೆ ಬಿಡುಗಡೆಗೊಂಡಿದ್ದ ಅದೇ ಕುವೈತಿನ ನೆಲದಿಂದ. ಆಗ ಆಕ್ರಮಣಕಾರನು ಬದಲಾಗಿದ್ದ; ನ್ಯಾಯದ ಪ್ರಶ್ನೆ ಬದಲಾಗಿರಲಿಲ್ಲ.

ಆದ್ದರಿಂದ ನೆರೆಯ ದೇಶದ ಮೇಲೆ ದಾಳಿ ನಡೆದಾಗ ನಮ್ಮ ಮೊದಲ ಮಾತು ದಾಳಿ ಮಾಡಿದವನ ಹೆಸರನ್ನು ಕೇಳಿ ಬದಲಾಗದಿರಲಿ. ತಡೆಯಲು ಬಂದವನು ಇಷ್ಟವಾಗದಿದ್ದರೆ ಅಕ್ರಮಿಯು ಸಜ್ಜನನಾಗುವುದಿಲ್ಲ; ಅಕ್ರಮಿಯು ಕೆಟ್ಟವನೆಂಬ ಕಾರಣಕ್ಕೆ ತಡೆಯಲು ಬಂದವನು ಮಾಡಿದ್ದೆಲ್ಲ ಸರಿಯಾಗುವುದೂ ಇಲ್ಲ. ಒಂದು ಜನತೆಯ ಮೇಲಿನ ದ್ವೇಷವು ನಿಮ್ಮನ್ನು ನ್ಯಾಯದಿಂದ ವಿಚಲಿತಗೊಳಿಸದಿರಲೆಂದು ಕುರ್‌ಆನ್ ಎಚ್ಚರಿಸಿರುವುದು ಇಂತಹ ಸಂದರ್ಭಗಳಿಗಾಗಿಯೇ. ತಮ್ಮವರ ವಿರುದ್ಧವಾದರೂ ಸತ್ಯಕ್ಕೆ ಸಾಕ್ಷಿಗಳಾಗಿ ನಿಲ್ಲುವ ಸ್ಥೈರ್ಯವನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಅನುಗ್ರಹಿಸಲಿ. ಆಮೀನ್.