ಸೆಲ್ಫ್ ತಗೋತಿಲ್ಲ

ಕಗ್ಗದಾಸಪುರದ ರೈಲ್ವೆ ಗೇಟ್ ಹತ್ತಿರ ಆಟೋ ಎಲೆಕ್ಟ್ರಿಕಲ್ ಅಂಗಡಿ ಇಟ್ಟವನು ಗಿರಾಕಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಹೊಸೂರು, ಸೇಲಂ ಕಡೆಯ ರೈಲು ಬಂದಾಗಲೆಲ್ಲ ಗೇಟ್ ಬೀಳುತ್ತದೆ. ಪೆಟ್ರೋಲ್ ಉಳಿಯಲಿ ಎಂದು ಜನ ಎಂಜಿನ್ ಆರಿಸುತ್ತಾರೆ. ಗೇಟ್ ಎದ್ದ ಮೇಲೆ ಯಾವುದೋ ಒಂದು ಕಾರು ಮಾತ್ರ ಏಳುವುದಿಲ್ಲ. ಹಿಂದಿನವರು ಹಾರನ್ ಬಾರಿಸುತ್ತಿದ್ದಾರೆ, ಕೀ ತಿರುಗಿಸಿದರೆ ಬಾನೆಟ್ ಒಳಗಿಂದ ‘ಟಕ್’ ಎನ್ನುವುದು ಬಿಟ್ಟರೆ ಬೇರೇನಿಲ್ಲ. ನಾಲ್ಕು ಜನ ಸೇರಿ ನಮ್ಮ ಬಾಗಿಲಿಗೆ ತಳ್ಳಿಕೊಂಡು ಬರುತ್ತಾರೆ. “ಅಣ್ಣಾ, ಸೆಲ್ಫ್ ತಗೋತಿಲ್ಲ, ಬ್ಯಾಟರಿ ಹೋಯ್ತು ಅನ್ಸುತ್ತೆ.” ರೋಗವನ್ನೂ ಅವರೇ ಹೇಳಿ ಮುಗಿಸಿರುತ್ತಾರೆ.

ಕಾರಿನಷ್ಟು ವಯಸ್ಸು ಈ ‘ಟಕ್’ಗೆ ಇಲ್ಲ. ಶಿವನಸಮುದ್ರದ ಕರೆಂಟು 1902ರಲ್ಲೇ ಕೋಲಾರದ ಗಣಿ ಮುಟ್ಟಿತ್ತು, 1905ರಲ್ಲಿ ಬೆಂಗಳೂರಿನ ಬೀದಿದೀಪ ಹತ್ತಿತ್ತು. ಕಾರಿಗೆ ಮಾತ್ರ ಆಗಲೂ ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕಿತ್ತು. ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಮಡಚಿ ಹಿಡಿಯಬೇಕು, ಕೆಳಕ್ಕೆ ಒತ್ತದೆ ಮೇಲಕ್ಕೆ ಎಳೆಯಬೇಕು. ಇಲ್ಲದಿದ್ದರೆ ಎಂಜಿನ್ ಹಿಮ್ಮುಖವಾಗಿ ಒದ್ದಾಗ ಮಣಿಕಟ್ಟು ಮುರಿಯುತ್ತಿತ್ತು. ಈ ಕಾಟ ತಪ್ಪಿಸಿದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅವನ ಸೆಲ್ಫ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಕ್ಯಾಶ್ ರಿಜಿಸ್ಟರಿಗೆ ಪುಟ್ಟ ಮೋಟರ್ ಕೂರಿಸಿದ ಅನುಭವ ಅವನಿಗೆ ಮೊದಲೇ ಇತ್ತು. ದಿನವಿಡೀ ತಿರುಗುವ ಮೋಟರ್ ದೊಡ್ಡದಾಗಿರಬೇಕು, ನಾಲ್ಕು ಸೆಕೆಂಡು ಜೋರಾಗಿ ದುಡಿದು ಸುಮ್ಮನಾಗುವುದು ಚಿಕ್ಕದಿದ್ದರೂ ಸಾಕು ಎಂಬುದು ಅವನಿಗೆ ಹೊಳೆದಿತ್ತು. ಆ ನಾಲ್ಕು ಸೆಕೆಂಡಿಗೆ ನೂರಾರು ಆಂಪಿಯರ್ ಬೇಕು. ನಮ್ಮ ಕಸುಬು ಹುಟ್ಟಿದ್ದು ಅಲ್ಲೇ.

ಸೆಲ್ಫ್ ಬಂದ ಮೇಲೂ ಎಲ್ಲ ಗಾಡಿ ಟಕ್ ಅನ್ನುತ್ತಿರಲಿಲ್ಲ. ಹಿಂದೂಸ್ತಾನ್ ಮೋಟರ್ಸ್ ‘ಬೇಬಿ ಹಿಂದೂಸ್ತಾನ್’ ಎಂದು ಮಾರಿದ ಮಾರಿಸ್ ಮೈನರ್‌ನಲ್ಲಿ ಡ್ಯಾಶ್‌ಬೋರ್ಡಿನ ಗುಬುಟು ಎಳೆದರೆ ಕೇಬಲ್ಲೇ ಸ್ವಿಚ್ ಒತ್ತುತ್ತಿತ್ತು. ಅದರ ರೋಗ ಬೇರೆ. ಮೋಟರಿನ ಬೆಂಡಿಕ್ಸ್ ಹಲ್ಲು ಫ್ಲೈವೀಲ್ ಹಲ್ಲಿಗೆ ಕಚ್ಚಿಕೊಂಡು ಬಿಡುತ್ತಿರಲಿಲ್ಲ. ಗಾಡಿಯನ್ನು ಗೇರಿಗೆ ಹಾಕಿ ಹಿಂದೆ ಮುಂದೆ ಅಲುಗಾಡಿಸಬೇಕು, ಇಲ್ಲವೇ ಲೂಕಸ್ ಮೋಟರಿನ ತುದಿಯ ಚೌಕಾಕಾರದ ಶಾಫ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಬೇಕು. ಇವತ್ತಿನ ಹುಡುಗರಿಗೆ ಆ ಚೌಕ ಯಾಕಿತ್ತೆಂದು ಗೊತ್ತಿಲ್ಲ.

ಮುಂದೆ ಟಕ್ ಎನ್ನುವ ಸೊಲೆನಾಯ್ಡ್ ಬಂದು ಹಲ್ಲನ್ನೂ ತಳ್ಳುವ, ಕರೆಂಟನ್ನೂ ಸೇರಿಸುವ ಕೆಲಸ ಹೊತ್ತುಕೊಂಡಿತು. ಅದರೊಳಗೆ ಎರಡು ಕಾಯಿಲ್: ಎಳೆಯುವುದೊಂದು, ಹಿಡಿದಿಡುವುದೊಂದು. ಬ್ಯಾಟರಿ ಸೊರಗಿದ್ದರೆ ಪ್ಲಂಜರ್ ಮುಂದೆ ಬಂದು ಕಾಂಟ್ಯಾಕ್ಟ್ ಮುಟ್ಟಿದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ, ಹಿಡಿತ ತಪ್ಪಿ ಪ್ಲಂಜರ್ ಹಿಂದೆ ಸರಿಯುತ್ತದೆ, ವೋಲ್ಟೇಜ್ ಏರಿ ಮತ್ತೆ ಎಳೆಯುತ್ತದೆ. ಅದೇ ‘ಟಕಟಕಟಕ’. ಒಂದೇ ಒಂದು ಗಟ್ಟಿ ‘ಟಕ್’ ಕೇಳಿದರೆ ಅನುಮಾನ ಮುಂದಕ್ಕೆ ಹೋಗುತ್ತದೆ: ಸುಟ್ಟ ಕಾಂಟ್ಯಾಕ್ಟ್, ಸವೆದ ಕಾರ್ಬನ್ ಬ್ರಷ್, ಕೆಟ್ಟ ಅರ್ತ್ ವೈರು. ತೀರ ಅಪರೂಪಕ್ಕೆ ಎಂಜಿನ್ನೇ ಜಾಮ್.

ನನಗೆ ಈ ವ್ಯತ್ಯಾಸ ಕಲಿಸಿದವರು ಶಿವಾಜಿನಗರದ ಉಸ್ತಾದರು. ಗುಜರಿಯಲ್ಲಿ ಬಿಚ್ಚಿದ ಗಾಡಿಗಳ ಮೋಟರ್ ತಂದು ಒಳ್ಳೆಯದನ್ನೂ ಕೆಟ್ಟದ್ದನ್ನೂ ಪಕ್ಕಪಕ್ಕ ಇಟ್ಟು ಕೀ ಹೊಡೆಸುತ್ತಿದ್ದರು. ಆಗ ಹೊಸ ಮೋಟರ್ ಯಾರೂ ಕೊಳ್ಳುತ್ತಿರಲಿಲ್ಲ. ಮದರಾಸಿನಲ್ಲಿ 1961ರಲ್ಲಿ ಶುರುವಾದ ಲೂಕಸ್ ಟಿವಿಎಸ್ ಮಾಲು ನಮಗೆ ದುಬಾರಿ. ಬುಷ್, ಬ್ರಷ್ ಬದಲಿಸಿ ಹಳೆಯದನ್ನೇ ಓಡಿಸುತ್ತಿದ್ದೆವು. ಮೋಟರಿನೊಳಗೆ ತಿರುಗುವ ಆರ್ಮೇಚರ್ ನೋಡುವುದನ್ನು ಮಾತ್ರ ಕಲಿತದ್ದು ನನ್ನ ಮಾವನವರಿಂದ. ಅವರು ಬೈಯಪ್ಪನಹಳ್ಳಿಯ ಎನ್‌ಜಿಇಎಫ್‌ನಲ್ಲಿ ವೈಂಡಿಂಗ್ ಕೆಲಸದವರು. ಜರ್ಮನಿಯ ಎಇಜಿ ಸಹಯೋಗದಲ್ಲಿ ಬೆಳೆದ ಆ ಸರ್ಕಾರಿ ಕಾರ್ಖಾನೆ 2002ರಲ್ಲಿ ಮುಚ್ಚಿತು. ಶಾರ್ಟ್ ಹುಡುಕುವ ಗ್ರೌಲರ್ ಯಂತ್ರದ ಮೇಲೆ ಆರ್ಮೇಚರ್ ಇಟ್ಟು, ಹ್ಯಾಕ್ಸಾ ಬ್ಲೇಡನ್ನು ಹಗುರವಾಗಿ ಹಿಡಿದು ಸುತ್ತ ತಿರುಗಿಸುತ್ತಿದ್ದರು. ಶಾರ್ಟ್ ಆದ ಸುತ್ತಿನ ಮೇಲೆ ಬ್ಲೇಡು ದುಂಬಿಯಂತೆ ಗುಂಯ್‌ಗುಡುತ್ತಿತ್ತು. ಈಗ ಆರ್ಮೇಚರ್ ಸುತ್ತಿಕೊಡುವವರು ಕಡಿಮೆ. ಪೂರ್ತಿ ಮೋಟರ್ ಬದಲಿಸುವುದೇ ರೂಢಿ.

ಡೈನಮೋ ಕಾಲದಲ್ಲಿ ಗೇಟಿನ ಮುಂದೆ ಎಂಜಿನ್ ಆರಿಸದಿದ್ದರೂ ಕಷ್ಟವಿತ್ತು. ನಿಧಾನ ತಿರುಗುವಾಗ ಡೈನಮೋ ಚಾರ್ಜ್ ಮಾಡದು, ಹೆಡ್‌ಲೈಟ್ ಬ್ಯಾಟರಿಯನ್ನು ತಿನ್ನುತ್ತಿತ್ತು. ಆಲ್ಟರ್ನೇಟರ್ ಆ ಕಾಟ ಕಳೆಯಿತು. ಅಂಬಾಸಡರ್, ಫಿಯೆಟ್‌ಗೆ ಬ್ಯಾಟರಿ ಸತ್ತರೂ ಹ್ಯಾಂಡಲ್ ಇತ್ತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ಗೆ ಹ್ಯಾಂಡಲ್ ಹಾಕುವ ತೂತೇ ಇರಲಿಲ್ಲ. ತಳ್ಳುವುದೊಂದೇ ಉಳಿಯಿತು. ಆಟೋಮ್ಯಾಟಿಕ್ ಗೇರಿನ ಗಾಡಿಗಳು ಅದನ್ನೂ ಕಿತ್ತುಕೊಂಡವು. 2020ರ ಲಾಕ್‌ಡೌನ್ ಮುಗಿದಾಗ ಸಿ.ವಿ. ರಾಮನ್ ನಗರದ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ತಿಂಗಳುಗಟ್ಟಲೆ ನಿಂತ ಕಾರುಗಳೆಲ್ಲ ಟಕಟಕ ಎಂದವು. ಜಂಪರ್ ಕೇಬಲ್ ಹೆಗಲಿಗೆ ಹಾಕಿಕೊಂಡು ತಿರುಗಿದೆ. ಹಲವು ಬ್ಯಾಟರಿಗಳಿಗೆ ಬೇಕಿದ್ದದ್ದು ರಾತ್ರಿಯಿಡೀ ನಿಧಾನವಾದ ಚಾರ್ಜ್ ಮಾತ್ರ. ಅವನ್ನೂ ಗುಜರಿಗೆ ಹಾಕಿದರು.

ಆದ್ದರಿಂದ ನಿಮ್ಮ ಗಾಡಿ ಟಕ್ ಎಂದರೆ ಮೊದಲು ಟರ್ಮಿನಲ್ ನೋಡಿ. ಬಿಳಿ ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರಲ್ಲಿ ತೊಳೆದು, ಒಣಗಿಸಿ, ಬಿಗಿ ಮಾಡಿ. ಆಮೇಲೆ ಹೆಡ್‌ಲೈಟ್ ಹಾಕಿಕೊಂಡು ಕೀ ತಿರುಗಿಸಿ. ಬೆಳಕು ಪೂರ್ತಿ ಮಂಕಾದರೆ ಬ್ಯಾಟರಿ ಅಥವಾ ಟರ್ಮಿನಲ್, ಮಂಕಾಗದಿದ್ದರೆ ಸೊಲೆನಾಯ್ಡ್ ಅಥವಾ ಮೋಟರ್. ತುಂಬಿದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸುತ್ತದೆ. ಆದರೆ ನಂಬಬೇಕಾದ್ದು ಸೆಲ್ಫ್ ಹೊಡೆಯುವಾಗಿನ ಅಂಕಿಯನ್ನು. ಅದು 9ರ ಕೆಳಗೆ ಬಿದ್ದರೆ ಬ್ಯಾಟರಿಯ ಮೇಲೆ ಅನುಮಾನ ಸರಿ. ಈ ಅಂಕಿಯನ್ನು ನಿಮ್ಮೆದುರೇ ಮೀಟರಿನಲ್ಲಿ ತೋರಿಸದ ಅಂಗಡಿಯಲ್ಲಿ ಹೊಸ ಬ್ಯಾಟರಿ ಕೊಳ್ಳಬೇಡಿ, ಅದು ನನ್ನ ಅಂಗಡಿಯಾದರೂ ಸರಿ.